ಕಣ್ಣಿಯ ಉದ್ದ

2019ರ ದೀಪಾವಳಿಯ ರಜೆ. ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದ ಒಂದು ಮನೆಯ ಪಡಸಾಲೆಯಲ್ಲಿ ಮನೆಮಂದಿಯೆಲ್ಲ ಟಿ.ವಿ. ಮುಂದೆ ಕುಳಿತಿದ್ದರು. ಆದರೆ ಅಂದು ಟಿ.ವಿ.ಯಲ್ಲಿ ಧಾರಾವಾಹಿ ಇರಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳ ಸಾಲುಗಳು ಸರಸರನೆ ಏರಿಹೋಗುತ್ತಿದ್ದವು. ಕಲಬುರಗಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದ ಹಿರಿಮಗಳು ಅಂಗೈಯಗಲದ ಹಸಿರು ಫಲಕವೊಂದನ್ನು ಟಿ.ವಿ.ಗೆ ಜೋಡಿಸಿ, ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು. ಅದು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಗಣಕ. ಅದೇ ವರ್ಷದ ಜೂನ್ 24ರಂದು ಅದು ಮಾರುಕಟ್ಟೆಗೆ ಬಂದಿತ್ತು. ಮೆಮೊರಿ 1, 2 ಅಥವಾ 4 ಜಿ.ಬಿ. ಇರುವ ಮೂರು ಬಗೆಗಳಲ್ಲಿ ಅದು ದೊರೆಯುತ್ತಿತ್ತು. ಹೆಸರು ಕಾಳು ಮಾರಿ ಬಂದ ಹಣದಲ್ಲಿ ಅಪ್ಪ ಕೊಡಿಸಿದ್ದು ಎಲ್ಲಕ್ಕಿಂತ ದೊಡ್ಡದಾದ 4 ಜಿ.ಬಿ.ಯದು. 'ತರೋದ್ ತರ್ತಿ, ದೊಡ್ಡದೇ ತಾ' ಎಂದಿದ್ದರು.

ಅಕ್ಷರಗಳ ಓಟ ನಿಂತಿತು. ಹೆಸರು ಕೇಳುವ ಸಾಲು ಮೂಡಿತು. ಹುಡುಗಿ ಕೀಲಿಗಳನ್ನು ಒತ್ತಿದಳು. ಪರದೆಯ ಮೇಲೆ ಒಂದಕ್ಷರವೂ ಬೀಳಲಿಲ್ಲ. ಮತ್ತೆ ಒತ್ತಿದಳು. ಕೀಬೋರ್ಡಿನ ತಂತಿ ಕಿತ್ತು ಇನ್ನೊಂದು ಕಿಂಡಿಗೆ ಚುಚ್ಚಿದಳು. ಊಹೂಂ.

'ಯಾಕವ್ವಾ, ನಡಿಲಕತ್ತಿಲ್ಲೇನು?' ಎಂದರು ಅಪ್ಪ.

'ನಡಿಲಕತ್ತದಪ್ಪಾ. ಆದ್ರ ಕೀಬೋರ್ಡ್ ಮಾತು ಕೇಳವಲ್ದು.'

ಹೊರಗೆ ತೊಗರಿ ಹೂವಿನ ಕಾಲ. ಎರೆ ಹೊಲಗಳೆಲ್ಲ ಹಳದಿ ಹೊದ್ದಿದ್ದವು. ಹಬ್ಬದ ಮೂರು ದಿನವೂ ಹುಡುಗಿ ಆ ಫಲಕದ ಮುಂದಿನಿಂದ ಏಳಲಿಲ್ಲ. ಕೆಟ್ಟ ಮಾಲು ತಂದೆನೇ, ಅಥವಾ ತನ್ನ ಕೈಯಿಂದಲೇ ಏನಾದರೂ ಕೆಟ್ಟಿತೇ ಎಂಬ ಅಳುಕು ಅವಳಿಗೆ. ರೊಕ್ಕ ಎಲ್ಲಿಂದ ಬಂತು ಎಂಬುದು ಅವಳಿಗೆ ಗೊತ್ತಿತ್ತಲ್ಲ.

ರಜೆ ಮುಗಿಸಿ ಹಾಸ್ಟೆಲ್ಲಿಗೆ ಹೋದ ಮೇಲೆ ಸಂಗತಿ ಇನ್ನೂ ವಿಚಿತ್ರವಾಯಿತು. ಜೇವರ್ಗಿ ಕಡೆಯ ಗೆಳತಿಯೊಬ್ಬಳ ಬಳಿ ಇಂಥದೇ ಫಲಕವಿತ್ತು. ಆದರೆ 2 ಜಿ.ಬಿ.ಯದು. ಇವಳ ಮೆಮೊರಿ ಕಾರ್ಡನ್ನು ಅದಕ್ಕೆ ಹಾಕಿದರೆ ಅದೇ ಕೀಬೋರ್ಡು ಚಕಚಕನೆ ಕೆಲಸ ಮಾಡಿತು! ಕಾರ್ಡಿನಲ್ಲಿದ್ದದ್ದು ಆಗಷ್ಟೇ ಹೊರಬಂದಿದ್ದ 64 ಬಿಟ್‌ನ ಒಂದು ಲಿನಕ್ಸ್ ವ್ಯವಸ್ಥೆ. ಸಣ್ಣ ಫಲಕದಲ್ಲಿ ಸರಿಯಾಗಿ ನಡೆಯುವುದು ದೊಡ್ಡ ಫಲಕದಲ್ಲಿ ಮುಗ್ಗರಿಸುತ್ತಿತ್ತು. ಫೋನಿನಲ್ಲಿ ಇದನ್ನು ಕೇಳಿದ ಅಪ್ಪ ಗೊಂದಲಕ್ಕೊಳಗಾದರು.

'ಸಣ್ಣದು ನಡೀತದ, ದೊಡ್ಡದು ನಡಿಯಂಗಿಲ್ಲ ಅಂದ್ರ ಹ್ಯಾಂಗ? ಹೆಚ್ಚಿನ ರೊಕ್ಕ ಕೊಟ್ಟಿದ್ದು ದೊಡ್ಡದಕ್ಕಲ್ಲೇನು?'

ಈ ತೊಂದರೆ ಅವಳೊಬ್ಬಳದೇ ಆಗಿರಲಿಲ್ಲ. 4 ಜಿ.ಬಿ. ಫಲಕದ ಮೇಲೆ 64 ಬಿಟ್ ಲಿನಕ್ಸ್ ನಡೆಸಿದ ಅನೇಕರಿಗೆ ಆ ದಿನಗಳಲ್ಲಿ ಯು.ಎಸ್.ಬಿ. ಕೈಕೊಟ್ಟಿತ್ತು. ಅದಕ್ಕೆ ತಾತ್ಕಾಲಿಕ ಮದ್ದೂ ಪ್ರಕಟವಾಗಿತ್ತು. ಕಾರ್ಡಿನಲ್ಲಿರುವ ಸಂರಚನೆಯ ಕಡತಕ್ಕೆ 'ಒಟ್ಟು ಮೆಮೊರಿ 3072' ಎಂಬ ಅರ್ಥದ ಒಂದು ಸಾಲು ಸೇರಿಸಬೇಕು. 3072 ಎಂ.ಬಿ. ಎಂದರೆ ಸರಿಯಾಗಿ 3 ಜಿ.ಬಿ. ಗೆಳತಿಯ ಲ್ಯಾಪ್‌ಟಾಪಿನಲ್ಲಿ ಹುಡುಗಿ ಆ ಸಾಲು ಸೇರಿಸಿದಳು. ಕೀಬೋರ್ಡಿಗೆ ಜೀವ ಬಂತು. ಆದರೆ ಗಣಕ ಈಗ ತನ್ನಲ್ಲಿರುವುದು 3 ಜಿ.ಬಿ. ಮಾತ್ರವೆಂದು ಹೇಳತೊಡಗಿತು.

ಅಪ್ಪನಿಗೆ ಸಂತೋಷವೂ ಆಯಿತು, ಸಮಾಧಾನವಾಗಲೂ ಇಲ್ಲ. 'ನಾಕ್ ಸೇರು ಅಳದು ಕೊಟ್ಟಾರ, ಮೂರೇ ಸೇರು ಬಳಸು ಅಂತಾರ. ಉಳಿದದ್ದೊಂದು ಸೇರು ಯಾರ ಮನಿಗಿ ಹೋಯ್ತು?'

ಹುಡುಗಿಯ ಬಳಿ ಉತ್ತರವಿರಲಿಲ್ಲ. ಕೆಲಸ ನಡೆಯಿತಲ್ಲ, ಸಾಕು ಎಂದು ಬಿಟ್ಟುಬಿಡಬಹುದಿತ್ತು. ಹೆಚ್ಚಿನವರು ಬಿಡುವುದೂ ಹಾಗೆಯೇ. ಆದರೆ ಆ ಒಂದು ಸೇರಿನ ಲೆಕ್ಕ ಕೇಳಿದವರು ಅಪ್ಪ. ಲೆಕ್ಕ ಕೊಡಲೇಬೇಕಿತ್ತು.

ಲೆಕ್ಕ ಹುಡುಕುತ್ತ ಹೋದಂತೆ ಮೊದಲು ತಿಳಿದದ್ದು ಇಷ್ಟು. ಗಣಕದಲ್ಲಿ ಮೆಮೊರಿಯನ್ನು ಮುಟ್ಟುವುದು ಪ್ರೊಸೆಸರ್ ಒಂದೇ ಅಲ್ಲ. ಕೀಬೋರ್ಡಿನಿಂದ ಬಂದ ಅಕ್ಷರ, ಕಾರ್ಡಿನಿಂದ ಓದಿದ ಕಡತ, ತಂತಿಯಲ್ಲಿ ಬಂದ ಸುದ್ದಿ, ಇವನ್ನೆಲ್ಲ ಬೈಟು ಬೈಟಾಗಿ ಪ್ರೊಸೆಸರೇ ಹೊತ್ತು ಹಾಕಬೇಕಾದರೆ ಅದಕ್ಕೆ ಬೇರೆ ಕೆಲಸಕ್ಕೆ ಪುರುಸೊತ್ತೇ ಸಿಗದು. ಆದ್ದರಿಂದ ಅದು ಒಂದು ವಿಳಾಸ ಬರೆದುಕೊಟ್ಟು, 'ನಿನ್ನ ಸಾಮಾನನ್ನು ನೀನೇ ಈ ಜಾಗದಲ್ಲಿ ಇಟ್ಟುಹೋಗು' ಎಂದು ಸಾಧನಗಳಿಗೆ ಹೇಳಿಬಿಡುತ್ತದೆ. ಇದಕ್ಕೆ ನೇರ ಮೆಮೊರಿ ಪ್ರವೇಶ ಎನ್ನುತ್ತಾರೆ. ಬಳಕೆಯ ಮಾತಿನಲ್ಲಿ ಡಿ.ಎಂ.ಎ.

ಇಲ್ಲೊಂದು ತೊಡಕಿದೆ. ಪ್ರತಿ ಸಾಧನವೂ ಬರೆಯಬಲ್ಲ ವಿಳಾಸಕ್ಕೆ ಒಂದು ಉದ್ದವಿದೆ. ವಿಳಾಸದಲ್ಲಿ 30 ಬಿಟ್ ಇದ್ದರೆ 1,07,37,41,824 ಬೈಟುಗಳನ್ನು ಮಾತ್ರ ಗುರುತಿಸಬಹುದು. ಅದೇ 1 ಜಿ.ಬಿ. ಒಂದು ಬಿಟ್ ಹೆಚ್ಚಿದರೆ 2 ಜಿ.ಬಿ., ಇನ್ನೊಂದು ಹೆಚ್ಚಿ 32 ಆದರೆ 4 ಜಿ.ಬಿ. ಪ್ರೊಸೆಸರಿನ ಕೈ ಉದ್ದವಾಗಿರಬಹುದು. ಪಕ್ಕದಲ್ಲಿರುವ ಹಳೆಯ ಸಾಧನದ ಕೈ ಗಿಡ್ಡವಾಗಿರಬಹುದು. ಒಂದೇ ಮನೆ, ಒಂದೇ ಉಗ್ರಾಣ. ಆದರೆ ಎಲ್ಲರಿಗೂ ಮೇಲಿನ ಗೂಡು ಎಟುಕುವುದಿಲ್ಲ.

ರಾಸ್ಪ್‌ಬೆರಿ ಪೈ 4ರಲ್ಲಿ ಆಗಿದ್ದೂ ಇದೇ. ಅದರೊಳಗಿನ ಹಲವು ಹಳೆಯ ಬಗೆಯ ಸಾಧನಗಳಿಗೆ ಎಟುಕುವುದು ಮೊದಲ 1 ಜಿ.ಬಿ. ಮಾತ್ರ. ಯು.ಎಸ್.ಬಿ. ಕಿಂಡಿಗಳನ್ನು ನೋಡಿಕೊಳ್ಳುವ ಚಿಪ್ಪು ಪಿ.ಸಿ.ಐ. ಎಕ್ಸ್‌ಪ್ರೆಸ್ ಎಂಬ ದಾರಿಯ ಮೂಲಕ ಮೆಮೊರಿಗೆ ಬರುತ್ತದೆ. ಮೊದಮೊದಲ ಚಿಪ್ಪುಗಳಲ್ಲಿ ಆ ದಾರಿಯ ರಚನೆಯಲ್ಲೇ ಒಂದು ದೋಷವಿತ್ತು: ಮೊದಲ 3 ಜಿ.ಬಿ.ಯಿಂದಾಚೆಗೆ ಅದು ತಲುಪುತ್ತಿರಲಿಲ್ಲ. 2 ಜಿ.ಬಿ. ಫಲಕದಲ್ಲಿ ಈ ಕೊರತೆ ಕಾಣಲು ಅವಕಾಶವೇ ಇಲ್ಲ. ಮೂರರ ಆಚೆ ಅಲ್ಲಿ ಮೆಮೊರಿಯೇ ಇಲ್ಲವಲ್ಲ! 4 ಜಿ.ಬಿ. ಫಲಕದಲ್ಲಿ ಮಾತ್ರ ಕೊನೆಯ ಪಾಲು ಯು.ಎಸ್.ಬಿ.ಯ ಕೈಗೆ ಸಿಗದೆ ಉಳಿಯಿತು. ಸಣ್ಣದು ನಡೆದು ದೊಡ್ಡದು ನಿಂತದ್ದರ ಗುಟ್ಟು ಇದೇ.

ಹಾಗಾದರೆ ಈ ಕೈಗಳ ಉದ್ದವನ್ನು ವ್ಯವಸ್ಥೆಗೆ ಹೇಳಬೇಕಾದವರು ಯಾರು? ಈ ಪ್ರಶ್ನೆಗೆ ಉತ್ತರ ಹಾಸ್ಟೆಲ್ಲಿನಲ್ಲಿ ಸಿಗಲಿಲ್ಲ. ಸಂಕ್ರಾಂತಿಗೆ ಊರಿಗೆ ಬಂದಾಗ ಮನೆಯ ಕೊಟ್ಟಿಗೆಯಲ್ಲಿ ಸಿಕ್ಕಿತು.

ತೊಗರಿ ರಾಶಿಯ ದಿನಗಳು. ಮನೆಯವರೆಲ್ಲ ಕಣದಲ್ಲಿದ್ದರು. ದನಗಳಿಗೆ ಮೇವು ಹಾಕುವ ಕೆಲಸವನ್ನು ಹೊಸದಾಗಿ ಬಂದ ಆಳಿಗೆ ಒಪ್ಪಿಸಿದ್ದರು. ಸಂಜೆ ಬಂದು ನೋಡಿದರೆ ಒಂದು ಎತ್ತು ಹೊಟ್ಟೆ ತುಂಬಿಸಿಕೊಂಡು ಮೆಲುಕು ಹಾಕುತ್ತ ಮಲಗಿತ್ತು. ಇನ್ನೊಂದು ಕತ್ತು ಚಾಚಿ ನಿಂತಿತ್ತು. ಅದರ ಮುಂದೆ ಕಣಿಕೆಯೇನೋ ರಾಶಿ ಬಿದ್ದಿತ್ತು. ಆದರೆ ಅದರ ಕಣ್ಣಿ ಗಿಡ್ಡ. ಮೂತಿಗೂ ಮೇವಿಗೂ ನಡುವೆ ಒಂದು ಮೊಳದ ಅಂತರ.

'ಮೇವು ಹಾಕೇನಲ್ರೀ' ಎಂದ ಆಳು. ಅವನದೇನೂ ತಪ್ಪಿರಲಿಲ್ಲ. ಮೇವು ಸಾಕಷ್ಟಿತ್ತು, ಕೊಟ್ಟಿಗೆಯೊಳಗೇ ಇತ್ತು. ಕಣ್ಣಿಯ ಉದ್ದ ಅವನಿಗೆ ಯಾರೂ ಹೇಳಿರಲಿಲ್ಲ.

ಮಗ ಆಳನ್ನು ಗದರಿಸಲು ಹೊರಟಾಗ ಅಜ್ಜ ತಡೆದರು. 'ಅವಂಗ್ಯಾಕ ಬೈತಿ? ಎತ್ತು ಬಾಯಿ ಬಿಟ್ಟು ಹೇಳ್ತದೇನು? ಕಟ್ಟಿದಾಂವ ಹೇಳ್ಬೇಕು.'

ಹುಡುಗಿ ಬಾಗಿಲಲ್ಲೇ ನಿಂತುಬಿಟ್ಟಳು. ಕಟ್ಟಿದವನು ಹೇಳಬೇಕು! ಎಷ್ಟು ದಿನದಿಂದ ಅವಳು ಓದುತ್ತಿದ್ದ ವಿಷಯ ಅಜ್ಜನ ಒಂದೇ ಮಾತಿನಲ್ಲಿತ್ತು.

ಗಣಕದಲ್ಲಿ ಕಾರ್ಯನಿರ್ವಹಣ ವ್ಯವಸ್ಥೆ ಎಂಬುದು, ಅಂದರೆ ಲಿನಕ್ಸ್, ವಿಂಡೋಸ್‌ನಂಥದು, ಆ ಹೊಸ ಆಳಿದ್ದಂತೆ. ಅದು ಸಾವಿರ ಬಗೆಯ ಯಂತ್ರಗಳ ಮೇಲೆ ಕೆಲಸಕ್ಕೆ ಬರುತ್ತದೆ. ಯಾವ ಕೊಟ್ಟಿಗೆಯಲ್ಲಿ ಯಾವ ಎತ್ತಿನ ಕಣ್ಣಿ ಎಷ್ಟುದ್ದ ಎಂದು ಅದಕ್ಕೆ ತಾನಾಗಿ ತಿಳಿಯುವುದಿಲ್ಲ. ಸಾಧನವೂ ಬಾಯಿ ಬಿಟ್ಟು ಹೇಳುವುದಿಲ್ಲ. ಎಷ್ಟೋ ಸಲ ಸಾಧನಕ್ಕೇ ಅದು ಗೊತ್ತಿರುವುದಿಲ್ಲ. ಯು.ಎಸ್.ಬಿ. ಚಿಪ್ಪು ಸ್ವತಃ ದೂರದ ವಿಳಾಸ ಬರೆಯಬಲ್ಲದು; ಅದನ್ನು ಕಟ್ಟಿಹಾಕಿದ ದಾರಿ ಗಿಡ್ಡ. ಎತ್ತಿನ ಕತ್ತು ಉದ್ದವಿದ್ದು ಕಣ್ಣಿ ಗಿಡ್ಡವಿದ್ದ ಹಾಗೆ. ಆದ್ದರಿಂದ ಹೇಳುವ ಹೊಣೆ ಫಲಕವನ್ನು ಕಟ್ಟಿದವರದು. ಅವರು ಅದನ್ನು ಹೇಳುವುದು ಫರ್ಮ್‌ವೇರ್ ಮೂಲಕ. ಗಣಕಕ್ಕೆ ವಿದ್ಯುತ್ ಹರಿದೊಡನೆ ಎಲ್ಲಕ್ಕಿಂತ ಮೊದಲು ಏಳುವ ಚಿಕ್ಕ ತಂತ್ರಾಂಶವೇ ಫರ್ಮ್‌ವೇರ್. ಅದು ಯಂತ್ರದ ಭಾಗಗಳನ್ನು ಎಚ್ಚರಗೊಳಿಸಿ, ಒಂದು ಪಟ್ಟಿಯನ್ನು ಕಾರ್ಯನಿರ್ವಹಣ ವ್ಯವಸ್ಥೆಯ ಕೈಗಿತ್ತು ಹಿಂದೆ ಸರಿಯುತ್ತದೆ.

ಕಣ್ಣಿಯ ಉದ್ದ ಹೇಳದಿದ್ದರೆ ಎತ್ತು ಒಂದು ಸಂಜೆ ಉಪವಾಸ ಬೀಳುತ್ತದೆ, ಅಷ್ಟೆ. ಗಣಕದಲ್ಲಿ ಆಗುವ ಹಾನಿ ಅದಕ್ಕಿಂತ ಕೆಟ್ಟದ್ದಾಗಬಹುದು. ಮನೆ ನಂಬರಿನ ಕೊನೆಯ ಮೂರು ಅಂಕೆಗಳನ್ನಷ್ಟೇ ಓದಬಲ್ಲ ಅಂಚೆಯವನೊಬ್ಬ ಇದ್ದಾನೆಂದು ಭಾವಿಸಿ. 1234ನೇ ಮನೆಯ ಕಾಗದವನ್ನು ಅವನು 'ತಲುಪಲಾಗಲಿಲ್ಲ' ಎಂದು ಹಿಂದಿರುಗಿಸುವುದಿಲ್ಲ. ನಿಶ್ಚಿಂತೆಯಿಂದ 234ನೇ ಮನೆಗೆ ಹಾಕಿ ಹೋಗುತ್ತಾನೆ. ವಿಳಾಸದ ಮೇಲಿನ ಬಿಟ್ಟುಗಳು ಕತ್ತರಿಸಿಹೋದರೆ ಸಾಧನ ಮಾಡುವುದೂ ಇದನ್ನೇ. ಯಾರದೋ ಜಾಗದಲ್ಲಿ ತನ್ನ ಸಾಮಾನು ಸುರಿಯುತ್ತದೆ. ಅಲ್ಲಿ ಯಾರ ಪತ್ರವಿತ್ತೋ, ಯಾವ ಲೆಕ್ಕವಿತ್ತೋ ಅಳಿಸಿಹೋಗುತ್ತದೆ. ತಪ್ಪು ಒಂದು ಕಡೆ ನಡೆದು ನೋವು ಇನ್ನೊಂದು ಕಡೆ ಕಾಣುವ ಇಂಥ ದೋಷಗಳನ್ನು ಹುಡುಕುವುದು ಬಲು ಕಷ್ಟ.

ಇದು ಇಂದು ನಿನ್ನೆಯ ಕಥೆಯೇನಲ್ಲ. ಐ.ಬಿ.ಎಂ. ಸಂಸ್ಥೆ 1984ರಲ್ಲಿ ಹೊರತಂದ ಪಿ.ಸಿ.-ಎ.ಟಿ. ಗಣಕದಲ್ಲಿ ವಿಳಾಸದ ತಂತಿಗಳು 24. ಎಂದರೆ 16 ಎಂ.ಬಿ. ಆ ಕಾಲಕ್ಕೆ ಅದು ಸಮುದ್ರದಷ್ಟು. ಮುಂದೆ ಗಣಕಗಳ ಮೆಮೊರಿ ಬೆಳೆಯಿತು. ಹಳೆಯ ಕಾರ್ಡುಗಳ ಕೈ ಬೆಳೆಯಲಿಲ್ಲ. ಹಾಗಾಗಿ ಮೊದಲ 16 ಎಂ.ಬಿ.ಯನ್ನು ಗಿಡ್ಡ ಕೈಯವರಿಗಾಗಿ ಮೀಸಲಿಡುವ ಪದ್ಧತಿ ಬಂತು. ಆದರೆ ಇದನ್ನು ಯಾವ ಪಟ್ಟಿಯಲ್ಲೂ ಬರೆದಿರಲಿಲ್ಲ. ವ್ಯವಸ್ಥೆ ಬರೆಯುವವರು ಬಾಯಿಪಾಠ ಮಾಡಿಕೊಂಡಿದ್ದರು. ಯಂತ್ರಗಳೆಲ್ಲ ಒಂದೇ ಅಚ್ಚಿನಲ್ಲಿರುವವರೆಗೆ ಬಾಯಿಪಾಠ ನಡೆಯುತ್ತದೆ. ಯಂತ್ರಕ್ಕೊಂದು ಬಗೆಯಾದ ಮೇಲೆ ಬರಹವೇ ಬೇಕು. ಯಂತ್ರದ ಭಾಗಗಳನ್ನು ಮರದ ಕೊಂಬೆರೆಂಬೆಗಳಂತೆ ಬರೆದು ಒಪ್ಪಿಸುವ ಕ್ರಮ ಓಪನ್ ಫರ್ಮ್‌ವೇರ್ ಎಂಬ ಹೆಸರಿನಲ್ಲಿ 1994ರಲ್ಲಿ ಶಿಷ್ಟ ಮಾನಕವಾಯಿತು. ಅದರ ಸಂತತಿಯೇ ಇಂದಿನ ಡಿವೈಸ್ ಟ್ರೀ. ಪಿ.ಸಿ.ಗಳಲ್ಲೂ ದೊಡ್ಡ ಸರ್ವರ್‌ಗಳಲ್ಲೂ ಇದೇ ಕೆಲಸಕ್ಕೆ ಎ.ಸಿ.ಪಿ.ಐ. ಎಂಬ ಇನ್ನೊಂದು ಪದ್ಧತಿಯ ಪಟ್ಟಿಗಳಿವೆ. ಅದರ ಮೊದಲ ಆವೃತ್ತಿ 1996ರದು.

ಸಂಕ್ರಾಂತಿಯ ರಾತ್ರಿ ಊಟವಾದ ಮೇಲೆ ಹುಡುಗಿ ಅಪ್ಪನ ಮುಂದೆ ಲೆಕ್ಕ ಒಪ್ಪಿಸಲು ಕುಳಿತಳು. ಡಿವೈಸ್ ಟ್ರೀಯಲ್ಲಿ ಮೆಮೊರಿಯ ಮಿತಿ ಹೇಳುವ ಸಾಲಿಗೆ 'ಡಿ.ಎಂ.ಎ. ರೇಂಜಸ್' ಎಂದು ಹೆಸರು. ಅದರಲ್ಲಿ ಮೂರೇ ಮಾತು. ಈ ಜಾಗವನ್ನು ಸಾಧನ ಯಾವ ವಿಳಾಸದಿಂದ ಕರೆಯುತ್ತದೆ? ಅದೇ ಜಾಗವನ್ನು ಪ್ರೊಸೆಸರ್ ಯಾವ ವಿಳಾಸದಿಂದ ಕರೆಯುತ್ತದೆ? ಅಲ್ಲಿಂದ ಮುಂದೆ ಎಷ್ಟು ವಿಸ್ತಾರ? ಪೈ 4ರ ಹಳೆಯ ಸಾಧನಗಳ ಸಾಲನ್ನೇ ನೋಡಿ. ಪ್ರೊಸೆಸರ್ ಸೊನ್ನೆ ಎನ್ನುವ ಜಾಗವನ್ನು ಆ ಸಾಧನಗಳು 3 ಜಿ.ಬಿ.ಯ ಗುರುತು ಎಂದು ಕರೆಯುತ್ತವೆ. ವಿಸ್ತಾರ 1 ಜಿ.ಬಿ.

ಅಪ್ಪನಿಗೆ ಇದು ಕಷ್ಟವೆನಿಸಲಿಲ್ಲ. 'ಇದು ಪಹಣಿ ಇದ್ದಂಗ ಆಯ್ತಲ್ಲ' ಎಂದರು. ಮನೆಯವರೆಲ್ಲ 'ಹಳ್ಳದ ಹೊಲ' ಎನ್ನುವ ನೆಲಕ್ಕೆ ಪಹಣಿಯಲ್ಲಿ ಇರುವುದು ಬರೀ ಸರ್ವೆ ನಂಬರು. ಹೆಸರು ಎರಡು, ನೆಲ ಒಂದೇ. ಮುಂದೆ ಎಕರೆ-ಗುಂಟೆಯ ವಿಸ್ತೀರ್ಣ. ಆ ಮೂರು ತಾಳೆಯಾದರೆ ಬದುವಿನ ಜಗಳವಿಲ್ಲ. ವಿಸ್ತೀರ್ಣ ತಪ್ಪು ಬಿದ್ದರೆ ಪಕ್ಕದವನ ಹೊಲದಲ್ಲಿ ಕುಂಟೆ ಹೊಡೆದಂತಾಗುತ್ತದೆ. ಬೇಕೆಂದು ಹೊಡೆದದ್ದಲ್ಲ, ಕಾಗದ ನಂಬಿ ಹೊಡೆದದ್ದು.

'ಹಂಗಾರ ಕಾಗದದಾಗ ಮೂರು ಅಂತ ಬರ್ದಿದ್ದಿಲ್ಲೇನು?' ಅಪ್ಪನ ಮುಂದಿನ ಪ್ರಶ್ನೆ ನೇರವಾಗಿತ್ತು.

ಇಲ್ಲಿಯೇ ಈ ಕಥೆಯ ಸ್ವಾರಸ್ಯವಿರುವುದು. ಪಟ್ಟಿಯಲ್ಲಿ ಮೂರು ಎಂದು ಬರೆದರೂ, ಮೂಲ ಲಿನಕ್ಸಿನಲ್ಲಿ ಅದನ್ನು ಓದಿ ಇಟ್ಟುಕೊಳ್ಳುವ ಪೆಟ್ಟಿಗೆಗೆ ಮೂರು ಹಿಡಿಸುತ್ತಿರಲಿಲ್ಲ. ಸಾಧನದ ಮಿತಿಯನ್ನು ಅಲ್ಲಿ ಮಾಸ್ಕ್ ಎಂಬ ರೂಪದಲ್ಲಿ, ಎಂದರೆ ಇಷ್ಟು ಬಿಟ್ಟು ಎಂಬ ಲೆಕ್ಕದಲ್ಲಿ, ಇಡುತ್ತಿದ್ದರು. 30 ಬಿಟ್ ಎಂದರೆ ಒಂದು, 31 ಎಂದರೆ ಎರಡು, 32 ಎಂದರೆ ನಾಲ್ಕು. ಮೂರಕ್ಕೆ ಬಿಟ್ಟೆಷ್ಟು? 31 ಸಾಲದು, 32 ಹೆಚ್ಚಾಯಿತು. ಪಾವು, ಸೇರುಗಳ ನಡುವೆ ಅಳತೆಯಿಲ್ಲದ ಅಂಗಡಿಯಂತೆ! ಆದ್ದರಿಂದ ಮೂರು ಎಂದು ಬಂದದ್ದು ಮೇಲಕ್ಕೆ ಸರಿದು ನಾಲ್ಕಾಗುತ್ತಿತ್ತು. ಹೇಳಿದವನು ಸತ್ಯ ಹೇಳಿದ್ದ; ಬರೆದುಕೊಂಡವನ ಬಳಿ ಆ ಸತ್ಯಕ್ಕೆ ಮನೆಯಿರಲಿಲ್ಲ. ಆ ವರ್ಷದ 64 ಬಿಟ್ ವ್ಯವಸ್ಥೆಗಳಲ್ಲಿ ಈ 3 ಜಿ.ಬಿ.ಯ ಗೆರೆಯನ್ನು ಕಾಯುವ ಏರ್ಪಾಡು ಇನ್ನೂ ಪೂರ್ಣವಾಗಿರಲಿಲ್ಲ. ಅದಕ್ಕೇ ನಾಲ್ಕನೆಯ ಸೇರನ್ನು ಎಲ್ಲರಿಂದಲೂ ಬಚ್ಚಿಟ್ಟು ಕೆಲಸ ನಡೆಸಬೇಕಾಗಿ ಬಂದದ್ದು.

ಇದನ್ನು ಸರಿಪಡಿಸುವ ಕೆಲಸ ಆಗಲೇ ನಡೆದಿತ್ತು. ನಿಕೊಲಾಸ್ ಸಾಯೆನ್ಜ್ ಜುಲಿಯೆನ್ ಎಂಬ ತಂತ್ರಜ್ಞರು ಮಾಸ್ಕ್ ಎಂಬ ಪೆಟ್ಟಿಗೆಯ ಜಾಗದಲ್ಲಿ ಮಿತಿ ಎಂಬ ಪೆಟ್ಟಿಗೆಯನ್ನು ತಂದರು. ಎಷ್ಟು ಬಿಟ್ಟು ಎಂದು ಕೇಳುವ ಬದಲು ಎಲ್ಲಿಯವರೆಗೆ ಎಂದು ಕೇಳಿದರು. ಆಗ ಮೂರು ಮೂರಾಗಿಯೇ ಉಳಿಯಿತು. 2020ರ ಜನವರಿ ಕೊನೆಗೆ ಬಿಡುಗಡೆಯಾದ ಲಿನಕ್ಸ್ 5.5ರಲ್ಲಿ ಈ ತಿದ್ದುಪಡಿ ಸೇರಿತ್ತು. ಅದೇ ಆವೃತ್ತಿಯಲ್ಲಿ ಗಿಡ್ಡ ಕೈಯ ಸಾಧನಗಳಿಗಾಗಿ ಮೊದಲ 1 ಜಿ.ಬಿ.ಯನ್ನು ಪ್ರತ್ಯೇಕ ವಲಯವಾಗಿ ತೆಗೆದಿಡುವ ಕ್ರಮವೂ ಬಂತು.

ಮಿತಿ ತಿಳಿದ ಮೇಲೆ ವ್ಯವಸ್ಥೆಗೆ ಎರಡು ದಾರಿ. ಒಂದು, ಆ ಸಾಧನದ ಸಾಮಾನಿಗೆ ಅದರ ಕೈಯಳತೆಯಲ್ಲೇ ಜಾಗ ಕೊಡುವುದು. ಮೇವನ್ನು ಕಣ್ಣಿಯೊಳಗೇ ಹಾಕಿದಂತೆ. ಇನ್ನೊಂದು, ಮೇವು ದೂರದಲ್ಲಿದ್ದರೆ ಮನೆಯ ಹುಡುಗ ಬುಟ್ಟಿಯಲ್ಲಿ ತುಂಬಿ ತಂದು ಎತ್ತಿನ ಮುಂದೆ ಸುರಿದಂತೆ, ಹತ್ತಿರದ ನಡುತಾಣವೊಂದಕ್ಕೆ ನಕಲು ಮಾಡಿಕೊಟ್ಟು ಕೆಲಸ ಮುಗಿಸುವುದು. ಇದಕ್ಕೆ ಬೌನ್ಸ್ ಬಫರ್ ಎನ್ನುತ್ತಾರೆ. ಹೊತ್ತು ಹಾಕುವ ಶ್ರಮ ತುಸು ಹೆಚ್ಚು. ಆದರೆ ಯಾರ ಹೊಲವೂ ಹಾಳಾಗುವುದಿಲ್ಲ, ನಾಲ್ಕೂ ಸೇರು ಬಳಕೆಗೆ ಸಿಗುತ್ತದೆ.

2020ರ ಮಾರ್ಚ್ 25ರಂದು ದೇಶಕ್ಕೆ ಲಾಕ್‌ಡೌನ್ ಬಂತು. ಕಾಲೇಜು ಮುಚ್ಚಿತು. ಹುಡುಗಿ ಹಸಿರು ಫಲಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಊರಿಗೆ ಬಂದಳು. ಮನೆಯಲ್ಲಿ ಬೇರೆ ಗಣಕವಿರಲಿಲ್ಲ. ಅವಳ ಪಾಠ, ಅಭ್ಯಾಸ, ತಮ್ಮನ ಒಂಬತ್ತನೆಯ ತರಗತಿಯ ಗಣಿತ, ಎಲ್ಲಕ್ಕೂ ಆ ಒಂದೇ ಫಲಕ, ಅದೇ ಟಿ.ವಿ. ಪಾಠದ ವಿಡಿಯೋ ನೋಡುತ್ತ ಪುಟಗಳನ್ನು ತೆರೆದಂತೆಲ್ಲ ಮೆಮೊರಿ ಏದುಸಿರು ಬಿಡುತ್ತಿತ್ತು. ಬಚ್ಚಿಟ್ಟ ಆ ಒಂದು ಜಿ.ಬಿ.ಯ ಬೆಲೆ ಆಗ ತಿಳಿಯಿತು. ಏಪ್ರಿಲ್ ಕೊನೆಯಲ್ಲಿ ವ್ಯವಸ್ಥೆಯ ಹೊಸ ಆವೃತ್ತಿ ಬಂದಾಗ, ಅಪ್ಪನ ಮೊಬೈಲಿನ ಇಂಟರ್‌ನೆಟ್ಟಿನಿಂದ ರಾತ್ರಿಯೆಲ್ಲ ಇಳಿಸಿಕೊಂಡು ಎರಡನೆಯ ಕಾರ್ಡಿಗೆ ಬರೆದಳು. ಅದರ ಸಂರಚನೆಯ ಕಡತದಲ್ಲಿ 3072ರ ಸಾಲು ಸೇರಿಸಲಿಲ್ಲ. ಉಸಿರು ಬಿಗಿಹಿಡಿದು ವಿದ್ಯುತ್ ಕೊಟ್ಟಳು. ಹೆಸರು ಕೇಳುವ ಸಾಲು ಬಂತು. ಒತ್ತಿದ ಅಕ್ಷರ ಮೂಡಿತು. ಮೆಮೊರಿ ಕೇಳಿದರೆ ನಾಲ್ಕರ ಲೆಕ್ಕ ಬಂತು.

'ಅಪ್ಪಾ, ನಾಕನೇ ಸೇರು ಮನಿಗಿ ಬಂತು' ಎಂದು ಕೂಗಿದಳು.

ಈ ಕಥೆಗೆ ಇನ್ನೂ ಎರಡು ಕೊಸರುಗಳಿವೆ. ಮೊದಲನೆಯದು, ಮುಂದೆ ಬಂದ ಚಿಪ್ಪುಗಳಲ್ಲಿ ದೋಷವನ್ನು ತಿದ್ದಿದರು. ಆಗ ಮಾರುಕಟ್ಟೆಯಲ್ಲಿ ಎರಡು ಬಗೆಯ ಪೈ 4 ಆದವು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಕಾರ್ಡು ಓದುವ ಸಾಧನಕ್ಕೆ ಹಳೆಯದರಲ್ಲಿ ಎಟುಕುವುದು 1 ಜಿ.ಬಿ.; ಹೊಸದರಲ್ಲಿ ಆ ಅಡ್ಡಿಯಿಲ್ಲ. ಹಾಗಾದರೆ ಪಟ್ಟಿಯಲ್ಲಿ ಏನೆಂದು ಬರೆಯುವುದು? ಆ ಸಾಧನಕ್ಕೆ ಪಟ್ಟಿಯಲ್ಲಿ ಬೇರೆಯದೇ ಕೊಂಬೆಯೊಂದನ್ನು ಮಾಡಿದರು. ಗಣಕ ಏಳುವಾಗ ಫರ್ಮ್‌ವೇರ್ ತನ್ನ ಮುಂದಿರುವ ಚಿಪ್ಪು ಯಾವುದೆಂದು ನೋಡಿ, ಆ ಸಾಲನ್ನು ಅಲ್ಲಿಯೇ ತಿದ್ದಿ, ನಂತರ ವ್ಯವಸ್ಥೆಗೆ ಒಪ್ಪಿಸುತ್ತದೆ. ಜಾತಿ ನೋಡಿ ಬರೆಯದೆ ಎದುರಿಗೆ ನಿಂತ ಎತ್ತನ್ನೇ ನೋಡಿ ಬರೆಯುವುದು ಎಂದರೆ ಇದು.

ಎರಡನೆಯದು, ಲಿನಕ್ಸ್ 5.5ರಲ್ಲಿ ಬಂದ ಆ 1 ಜಿ.ಬಿ.ಯ ವಲಯ ಪೈ 4ಕ್ಕೆ ಬೇಕಾಗಿತ್ತು ನಿಜ. ಆದರೆ ಅದೇ ಜಾತಿಯ ಪ್ರೊಸೆಸರ್ ಇರುವ ದೊಡ್ಡ ದೊಡ್ಡ ಸರ್ವರ್‌ಗಳಿಗೂ ಆ ಕಟ್ಟುಪಾಡು ತಗುಲಿತು. ಅವುಗಳಲ್ಲಿ ಗಿಡ್ಡ ಕೈಯ ಸಾಧನವೇ ಇರಲಿಲ್ಲ! ಒಂದು ಎತ್ತಿನ ಕಣ್ಣಿ ಗಿಡ್ಡವೆಂದು ಊರಿನ ಎಲ್ಲ ಕೊಟ್ಟಿಗೆಗಳಲ್ಲೂ ಮೇವನ್ನು ಗೂಟದ ಬುಡಕ್ಕೇ ಸುರಿದಂತಾಯಿತು. 2021ರ ಫೆಬ್ರುವರಿಯಲ್ಲಿ ಬಂದ ಲಿನಕ್ಸ್ 5.11ರಲ್ಲಿ ಇದನ್ನೂ ತಿದ್ದಿದರು. ಅಂದಿನಿಂದ ವ್ಯವಸ್ಥೆ ಏಳುವಾಗಲೇ ಫರ್ಮ್‌ವೇರ್ ಕೊಟ್ಟ ಪಟ್ಟಿಯನ್ನು ಓದುತ್ತದೆ. ಡಿವೈಸ್ ಟ್ರೀ ಇದ್ದರೆ ಡಿ.ಎಂ.ಎ. ರೇಂಜಸ್ ಸಾಲುಗಳು, ಎ.ಸಿ.ಪಿ.ಐ. ಇದ್ದರೆ ಅದರಲ್ಲಿನ ಐ.ಒ.ಆರ್.ಟಿ. ಎಂಬ ಪಟ್ಟಿ. ಈ ಯಂತ್ರದಲ್ಲಿ ಎಲ್ಲಕ್ಕಿಂತ ಗಿಡ್ಡ ಕೈ ಯಾವುದು ಎಂದು ನೋಡಿಕೊಂಡು ಅಷ್ಟಕ್ಕೆ ಮಾತ್ರ ವಲಯ ಕಟ್ಟುತ್ತದೆ. ಗಿಡ್ಡ ಕೈ ಇಲ್ಲದಿದ್ದರೆ ಆ ಕಟ್ಟುಪಾಡೂ ಇಲ್ಲ.

ವಿದ್ಯಾರ್ಥಿಗಳು ಇದರಿಂದ ಕಲಿಯುವ ವಿಜ್ಞಾನವೇನೋ ಇದ್ದೇ ಇದೆ: ಎರಡರ ಘಾತಗಳು, ವಿಳಾಸದ ಬಿಟ್ಟುಗಳು, ಮೆಮೊರಿಯ ನಕ್ಷೆ. ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾದ ಒಂದು ಸಂಖ್ಯೆ ಇಡೀ ಯಂತ್ರದ ಕಥೆ ಹೇಳುವುದಿಲ್ಲ ಎಂಬುದೂ ತಿಳಿಯುತ್ತದೆ. ಆದರೆ ತಂದೆತಾಯಿಗಳೂ ತುಸು ಯೋಚಿಸಬೇಕಾದ ಮಾತೊಂದು ಇದರಲ್ಲಿದೆ. ಮಕ್ಕಳನ್ನು ಅಳೆಯಲು ನಮ್ಮ ಬಳಿ ಇರುವ ಪೆಟ್ಟಿಗೆಗಳೂ ಎರಡು, ನಾಲ್ಕರವೇ. ಜಾಣ, ದಡ್ಡ. ಬರುತ್ತದೆ, ಬರುವುದಿಲ್ಲ. ಮೂರು ಎಂದು ಹೇಳಿಕೊಳ್ಳಲು ಜಾಗವಿಲ್ಲದ ಕಡೆ ಮಗು ನಾಲ್ಕು ಎಂದು ಹೇಳುತ್ತದೆ. ಸುಳ್ಳು ಹೇಳಬೇಕೆಂದಲ್ಲ, ಎರಡು ಎನ್ನಲು ನಾಚಿಕೆ, ಮೂರಕ್ಕೆ ಪೆಟ್ಟಿಗೆಯಿಲ್ಲ. ಆ ಮೇಲೆ ನಾಲ್ಕರ ಭಾರ ಹೊರಿಸಿದಾಗ ಎಲ್ಲೋ ಏನೋ ಅಳಿಸಿಹೋಗುತ್ತದೆ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ.

ಆ ಬೇಸಿಗೆಯಲ್ಲಿ ತಮ್ಮನಿಗೆ ಬೀಜಗಣಿತ ಹೇಳಿಕೊಡುವಾಗ ಹುಡುಗಿಗೆ ಇದು ಅನುಭವಕ್ಕೆ ಬಂತು. 'ತಿಳೀತೇನೋ?' ಎಂದಾಗಲೆಲ್ಲ ಅವನು 'ಹೂಂ' ಎನ್ನುತ್ತಿದ್ದ. ಲೆಕ್ಕ ಕೊಟ್ಟರೆ ಅರ್ಧಕ್ಕೆ ನಿಲ್ಲುತ್ತಿದ್ದ. ಒಂದು ದಿನ ಅವಳು ಪ್ರಶ್ನೆ ಬದಲಾಯಿಸಿದಳು. 'ಎಲ್ಲೀ ತನಕ ತಿಳೀತು, ಬಟ್ಟಿಟ್ಟು ತೋರ್ಸು.' ಅವನು ಪುಸ್ತಕದ ಪುಟದ ಮೇಲೆ ಬೆರಳಾಡಿಸುತ್ತ ಹೋಗಿ ಆರನೆಯ ಸಾಲಿನಲ್ಲಿ ನಿಲ್ಲಿಸಿದ. ಚಿಹ್ನೆ ಬದಲಾಗುವ ಸಾಲು ಅದು. ಅಲ್ಲಿಂದ ಮುಂದೆ ಹೇಳಿಕೊಡುವುದು ಅರ್ಧ ಗಂಟೆಯ ಕೆಲಸವಾಯಿತು.

ಕೊಟ್ಟಿಗೆಯಲ್ಲೂ ಒಂದು ಬದಲಾವಣೆಯಾಯಿತು. ಮುಂದಿನ ಹಂಗಾಮಿಗೆ ಆಳು ಬದಲಾಗುವ ಹೊತ್ತಿಗೆ ಅಜ್ಜ ಒಂದು ಬೋಗುಣಿಯಲ್ಲಿ ಸುಣ್ಣ ಕಲಸಿ ತರಿಸಿದರು. ಪ್ರತಿ ಎತ್ತನ್ನೂ ಅದರ ಕಣ್ಣಿ ಬಿಗಿಯುವವರೆಗೆ ಮುಂದಕ್ಕೆ ನಡೆಸಿ, ಮೂತಿ ನಿಂತ ಕಡೆ ನೆಲದ ಮೇಲೆ ಗೆರೆ ಎಳೆಸಿದರು. ಒಂದು ಗೆರೆ ದೂರ, ಒಂದು ಗೆರೆ ಹತ್ತಿರ. ಹೊಸ ಆಳು ಬಂದಾಗ ಅವನಿಗೆ ಹೇಳಿದ್ದು ಒಂದೇ ಮಾತು.

'ಮೇವು ಗೆರಿ ಒಳಗ ಹಾಕು.'